ಅಂಗೈ ಗೇಮ್ ಯಂತ್ರ: ಯಾವುದನ್ನು ಆರಿಸಬೇಕು, ಏಕೆ?

ತಲಕಾಡಿನ ಕಾವೇರಿ ದಡದಲ್ಲಿ ಅಳಗುಳಿ ಮಣೆ ಆಡಲು ಮಣೆಯೇ ಬೇಕೆಂದಿಲ್ಲ. ಮರಳಿನಲ್ಲಿ ಎರಡು ಸಾಲಾಗಿ ಏಳೇಳು ಗುಳಿ ತೋಡಿ ಹುಣಸೆ ಬೀಜ ಹಂಚಿದರೆ ಸಾಕು, ಆಟ ಅದೇ. ಆಟವೆಂದರೆ ಮರದ ತುಂಡಲ್ಲ, ನಿಯಮಗಳ ವ್ಯವಸ್ಥೆ. ಆದರೆ ಒಣ ಮರಳಿನಲ್ಲಿ ತೋಡಿದ ಗುಳಿ ಕುಸಿಯುತ್ತದೆ, ನೀರಂಚಿನ ತೇವದ ಮರಳಿನಲ್ಲಿ ನಿಲ್ಲುತ್ತದೆ. ಮಾಧ್ಯಮ ಬದಲಾಗಬಹುದು ನಿಜ, ಆದರೆ ಸಿಕ್ಕಿದ್ದೆಲ್ಲವೂ ಮಾಧ್ಯಮವಾಗದು.

ಹಳೆಯ ವಿಡಿಯೋ ಗೇಮ್‌ಗಳನ್ನು ಹೊಸ ಯಂತ್ರದಲ್ಲಿ ನಡೆಸುವ ಎಮ್ಯುಲೇಷನ್ ತಂತ್ರದ ತಿರುಳೂ ಇದೇ. ಹಳೆಯ ಯಂತ್ರದ ಸಂಸ್ಕಾರಕಕ್ಕಾಗಿ ಬರೆದ ಆದೇಶಗಳನ್ನು ಎಮ್ಯುಲೇಟರ್ ಎಂಬ ತಂತ್ರಾಂಶ ಒಂದೊಂದಾಗಿ ಓದಿ, ಆ ಯಂತ್ರ ಏನು ಮಾಡುತ್ತಿತ್ತೋ ಅದನ್ನೇ ಮಾಡಿ ತೋರಿಸುತ್ತದೆ. ಇದು ಗೇಮ್‌ಗಳಿಗಾಗಿ ಹುಟ್ಟಿದ ಉಪಾಯವಲ್ಲ. 1964ರಲ್ಲಿ ಐಬಿಎಂ ಸಂಸ್ಥೆ ಸಿಸ್ಟಂ/360 ಗಣಕಗಳನ್ನು ಪ್ರಕಟಿಸಿದಾಗ, ಗ್ರಾಹಕರ ಬಳಿಯಿದ್ದ ಹಳೆಯ 1401 ಗಣಕದ ಕ್ರಮವಿಧಿಗಳು ವ್ಯರ್ಥವಾಗದಿರಲೆಂದು ಇದೇ ದಾರಿ ಹಿಡಿದಿತ್ತು.

ಇಂದು ಈ ಕೆಲಸಕ್ಕೆಂದೇ ಅಂಗೈಯಲ್ಲಿ ಹಿಡಿಯುವ ಯಂತ್ರಗಳು ಹಲವಾರು ಬಂದಿವೆ. ನಿಮ್ಮ ಶಾಲೆಯ ವಿಜ್ಞಾನ ಸಂಘಕ್ಕೋ ಮನೆಯ ಮಕ್ಕಳಿಗೋ ಒಂದನ್ನು ಕೊಳ್ಳಬೇಕೆಂದುಕೊಳ್ಳಿ. ಜಾಹೀರಾತುಗಳು ಎರಡು ಸಂಖ್ಯೆಗಳನ್ನು ದೊಡ್ಡದಾಗಿ ತೋರಿಸುತ್ತವೆ: ಸಂಸ್ಕಾರಕದ ವೇಗ ಮತ್ತು ತುಂಬಿಕೊಟ್ಟ ಗೇಮ್‌ಗಳ ಸಂಖ್ಯೆ. ಆಯ್ಕೆಗೆ ಇವೆರಡೂ ಕೆಟ್ಟ ಮಾನದಂಡಗಳು.

ವೇಗದ ಭ್ರಮೆ

1989ರ ಗೇಮ್ ಬಾಯ್ ಯಂತ್ರದ ಗಡಿಯಾರದ ವೇಗ 4.19 ಮೆಗಾಹರ್ಟ್ಸ್. ಅಗ್ಗದ ಯಂತ್ರಗಳಲ್ಲಿ ಒಂದಾದ ಮಿಯೂ ಮಿನಿಯ ಸಂಸ್ಕಾರಕದ್ದು 1.2 ಗಿಗಾಹರ್ಟ್ಸ್, ಅಂದರೆ ಸುಮಾರು 286 ಪಟ್ಟು. ಒಂದು ಹಳೆಯ ಆದೇಶಕ್ಕೆ ಹತ್ತಾರು ಹೊಸ ಆದೇಶಗಳು ಖರ್ಚಾದರೂ ಶಕ್ತಿ ಮಿಗುತ್ತದೆ. 1994ರ ಪ್ಲೇಸ್ಟೇಷನ್‌ನ ವೇಗ ಸುಮಾರು 33.9 ಮೆಗಾಹರ್ಟ್ಸ್. ಆಗಲೂ ಅಂತರ 35 ಪಟ್ಟು. ನಿಮ್ಮ ಆಸಕ್ತಿ ಇಷ್ಟಕ್ಕೇ ಸೀಮಿತವಾಗಿದ್ದರೆ, ಇದಕ್ಕಿಂತ ವೇಗದ ಚಿಪ್ಪಿಗೆ ಕೊಡುವ ಹಣ ಹೊಳೆಯಲ್ಲಿ ಹಾಕಿದ ಹುಣಸೆ ಹಣ್ಣು.

ತೆರೆಯ ಲೆಕ್ಕ

ನೋಡಬೇಕಾದದ್ದು ಮೊದಲು ತೆರೆಯನ್ನು. ಗೇಮ್ ಬಾಯ್‌ನ ತೆರೆ 160×144 ಪಿಕ್ಸೆಲ್. ಮಿಯೂ ಮಿನಿ ಪ್ಲಸ್ ಮತ್ತು ಅನ್‌ಬರ್ನಿಕ್ ಸಂಸ್ಥೆಯ ಆರ್‌ಜಿ 35 ಎಕ್ಸ್‌ಎಕ್ಸ್ ಯಂತ್ರಗಳ 3.5 ಅಂಗುಲದ ತೆರೆ 640×480. ಗೇಮ್ ಬಾಯ್ ಚಿತ್ರವನ್ನು ಸರಿಯಾಗಿ ಮೂರು ಪಟ್ಟು ಹಿಗ್ಗಿಸಿದರೆ 480×432 ಆಗುತ್ತದೆ. ತೆರೆಯೊಳಗೆ ಹಿಡಿಸುತ್ತದೆ, ಸುತ್ತ ಕಪ್ಪು ಅಂಚು ಉಳಿಯುತ್ತದೆ. ಪ್ಲೇಸ್ಟೇಷನ್‌ನ ಬಹಳಷ್ಟು ಗೇಮ್‌ಗಳ 320×240 ಚಿತ್ರ ಎರಡು ಪಟ್ಟಿಗೆ ಇಡೀ ತೆರೆಯನ್ನು ತುಂಬುತ್ತದೆ.

ತೊಡಕು ಬರುವುದು 2001ರ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ. ಅದರ ಚಿತ್ರ 240×160. ಇದು 640ರ ಅಗಲವನ್ನು ತುಂಬಬೇಕಾದರೆ ಎರಡೂ ಮೂರನೇ ಎರಡು ಪಟ್ಟು ಹಿಗ್ಗಬೇಕು. ಪಿಕ್ಸೆಲ್ಲನ್ನು ಒಡೆಯಲಾಗದು. ಹಾಗಾಗಿ ಕೆಲವು ಚುಕ್ಕಿಗಳು ಎರಡು ಪಿಕ್ಸೆಲ್ ಅಗಲವಾಗಿಯೂ ಕೆಲವು ಮೂರು ಪಿಕ್ಸೆಲ್ ಅಗಲವಾಗಿಯೂ ಮೂಡುತ್ತವೆ. ನಿಂತ ಚಿತ್ರದಲ್ಲಿ ಇದು ಕಾಣದಿರಬಹುದು, ಚಿತ್ರ ಸರಿಯತೊಡಗಿದರೆ ಕಣ್ಣಿಗೆ ಅಲುಗಿದಂತಾಗುತ್ತದೆ. ಮಸುಕು ಮಾಡಿ ಇದನ್ನು ಮರೆಮಾಚಬಹುದೇ ಹೊರತು ನಿವಾರಿಸಲಾಗದು. 2024ರ ಕೊನೆಯಲ್ಲಿ ಬಂದ ಆರ್‌ಜಿ 34 ಎಕ್ಸ್‌ಎಕ್ಸ್ ಯಂತ್ರದ ತೆರೆ 720×480. ನೀವೇ ಭಾಗಿಸಿ ನೋಡಿ, ಎರಡೂ ಕಡೆ ಸರಿಯಾಗಿ ಮೂರು. ಒಂದೇ ಬಗೆಯ ಗೇಮ್‌ಗಳಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂಥದು ಇದು. ಬೇರೆಯವಕ್ಕೆ ಅಷ್ಟು ಒಪ್ಪದು.

ಬೆಲೆಯ ಇನ್ನೊಂದು ತುದಿಯಲ್ಲಿದೆ 2021ರ ಅನಲಾಗ್ ಪಾಕೆಟ್. ತೆರೆ 1600×1440, ಗೇಮ್ ಬಾಯ್‌ನ ಸರಿಯಾಗಿ ಹತ್ತು ಪಟ್ಟು. ಇದರಲ್ಲಿ ತಂತ್ರಾಂಶದ ಅನುಕರಣೆಯ ಬದಲು, ತರ್ಕದ್ವಾರಗಳನ್ನು ಬೇಕಾದಂತೆ ಜೋಡಿಸಿಕೊಳ್ಳಬಲ್ಲ ಚಿಪ್ಪೊಂದು ಹಳೆಯ ಯಂತ್ರದ ಮಂಡಲವನ್ನೇ ಮತ್ತೆ ಕಟ್ಟುತ್ತದೆ. ಮೂಲ ಕಾರ್ಟ್ರಿಜ್‌ಗಳನ್ನೂ ಸಿಕ್ಕಿಸಬಹುದು. ‘ಇಲ್ಲಿ ಎಮ್ಯುಲೇಷನ್ ಇಲ್ಲ’ ಎಂಬುದು ತಯಾರಕರ ಹೆಮ್ಮೆ. ಈ ಮಾತನ್ನು ಪೂರ್ತಿ ಒಪ್ಪುವಂತಿಲ್ಲ. ಮಂಡಲವನ್ನು ಹೊಸದಾಗಿ ಬರೆದವರೂ ಮನುಷ್ಯರೇ. ಹಳೆಯ ಚಿಪ್ಪಿನ ವರ್ತನೆ ಅವರಿಗೆ ಎಷ್ಟು ತಿಳಿದಿದೆಯೋ ಅಷ್ಟೇ ಅನುಕರಣೆ ನಿಖರ. ದಾರಿ ಬೇರೆ, ಊರು ಅದೇ.

ಕಾಲದ ಲೆಕ್ಕ

ತೆರೆಯಷ್ಟೇ ಮುಖ್ಯವಾದದ್ದು ವಿಳಂಬ. ಸೆಕೆಂಡಿಗೆ 60 ಚೌಕಟ್ಟುಗಳಾದರೆ ಒಂದು ಚೌಕಟ್ಟಿಗೆ 16.7 ಮಿಲಿಸೆಕೆಂಡು. ಗುಂಡಿ ಒತ್ತಿದ ಮೇಲೆ ಚಿತ್ರ ಮೂರು ಚೌಕಟ್ಟು ತಡವಾದರೆ 50 ಮಿಲಿಸೆಕೆಂಡು ಕಳೆಯಿತು. ಹಳ್ಳ ಜಿಗಿಯಬೇಕಾದ ಆಟಗಾರನಿಗೆ ಇದು ಬಿದ್ದೇ ಗೊತ್ತಾಗುತ್ತದೆ. ಜಾಹೀರಾತಿನಲ್ಲಿ ಈ ಸಂಖ್ಯೆ ಇರುವುದಿಲ್ಲ, ಆದರೆ ನೀವು ಅಳೆಯಬಹುದು. ಸೆಕೆಂಡಿಗೆ 240 ಚೌಕಟ್ಟು ಚಿತ್ರೀಕರಿಸುವ ಮೊಬೈಲ್ ಫೋನಿನಲ್ಲಿ ಬೆರಳನ್ನೂ ತೆರೆಯನ್ನೂ ಒಟ್ಟಿಗೆ ಸೆರೆಹಿಡಿಯಿರಿ. ಗುಂಡಿ ಒತ್ತಿದ ಕ್ಷಣದಿಂದ ಚಿತ್ರ ಬದಲಾಗುವವರೆಗಿನ ಚೌಕಟ್ಟುಗಳನ್ನು ಎಣಿಸಿ 4.2ರಿಂದ ಗುಣಿಸಿದರೆ ವಿಳಂಬ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. ಹತ್ತು ಸಲ ಮಾಡಿ ಸರಾಸರಿ ತೆಗೆಯಿರಿ. ಪ್ರೌಢಶಾಲೆಯ ಮಕ್ಕಳು ಒಂದು ಅವಧಿಯಲ್ಲಿ ಮಾಡಬಹುದಾದ ಪ್ರಯೋಗ ಇದು.

ಇನ್ನೊಂದು ಸೂಕ್ಷ್ಮವೂ ಇದೆ. ಗೇಮ್ ಬಾಯ್ ಸೆಕೆಂಡಿಗೆ ತೋರಿಸುತ್ತಿದ್ದದ್ದು 60 ಅಲ್ಲ, 59.73 ಚೌಕಟ್ಟು. 60ರ ತೆರೆಯಲ್ಲಿ ಅದನ್ನು ಅದರದೇ ವೇಗದಲ್ಲಿ ನಡೆಸಿದರೆ ಸುಮಾರು 3.7 ಸೆಕೆಂಡಿಗೊಮ್ಮೆ ಒಂದು ಚೌಕಟ್ಟು ಎರಡು ಬಾರಿ ಬರಬೇಕಾಗುತ್ತದೆ. ಒಳ್ಳೆಯ ಎಮ್ಯುಲೇಟರ್ ವೇಗವನ್ನು ತುಸುವೇ ಹೊಂದಿಸಿ ಈ ಮುಗ್ಗರಿಕೆಯನ್ನು ತಪ್ಪಿಸುತ್ತದೆ. ಆದ್ದರಿಂದಲೇ, ಬಳಕೆದಾರರು ಕೂಡಿ ತಿದ್ದುತ್ತಿರುವ ತಂತ್ರಾಂಶವನ್ನು ಹಾಕಿಕೊಳ್ಳಲು ಬಿಡುವ ಯಂತ್ರವೇ ಮೇಲು. ಮಿಯೂ ಮಿನಿ ಪ್ಲಸ್‌ಗೆ ದೊರೆಯುವ ಆನಿಯನ್ ಇದಕ್ಕೆ ಉದಾಹರಣೆ.

ಅನುಕರಣೆಗೆ ಸಿಗದದ್ದು

2003ರಲ್ಲಿ ಬಂದ ಬೊಕ್ಟಾಯ್ ಎಂಬ ಗೇಮಿನ ಕಾರ್ಟ್ರಿಜ್‌ನಲ್ಲಿ ಬಿಸಿಲನ್ನು ಅಳೆಯುವ ಸಂವೇದಕವಿತ್ತು. ಆಟಗಾರ ಅಂಗಳಕ್ಕೆ ಬಂದು ಬಿಸಿಲಿಗೆ ಹಿಡಿದರೇ ನಾಯಕನ ಆಯುಧಕ್ಕೆ ಶಕ್ತಿ. ಎಮ್ಯುಲೇಟರಿನಲ್ಲಿ ಬಿಸಿಲು ಒಂದು ಗುಂಡಿಯಾಗುತ್ತದೆ. ನಿಯಮ ಉಳಿಯಿತು, ಅನುಭವ ಹೋಯಿತು.

ಆದರೂ ಅನುಕರಣೆ ಬೇಡವೆನ್ನುವಂತಿಲ್ಲ. ತಲಕಾಡಿನ ಗುಡಿಗಳನ್ನು ಮರಳು ಮುಚ್ಚಿತು, ಮರಳು ಸರಿಸಿದಾಗ ಕಲ್ಲು ಕಾದಿತ್ತು. ಗೇಮಿನ ಕಾರ್ಟ್ರಿಜ್ ಹಾಗೆ ಕಾಯುವುದಿಲ್ಲ. ಹಲವು ಕಾರ್ಟ್ರಿಜ್‌ಗಳೊಳಗಿನ ಗುಂಡಿ ಬ್ಯಾಟರಿ ಸತ್ತ ದಿನ ಆಟಗಾರ ಉಳಿಸಿಟ್ಟದ್ದೆಲ್ಲ ಅಳಿಸಿಹೋಗುತ್ತದೆ. ಅಮೆರಿಕದಲ್ಲಿ 2010ಕ್ಕೆ ಮೊದಲು ಪ್ರಕಟವಾದ ಗೇಮ್‌ಗಳಲ್ಲಿ ಶೇ. 87ರಷ್ಟು ಈಗ ಮಾರಾಟದಲ್ಲೇ ಇಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ವರದಿ ಮಾಡಿತು. ನಮ್ಮದೇ ಉದಾಹರಣೆ ಬೇಕೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ತೊಡಗಿ ರೂಪಿಸಿದ ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂದ ಅಂಗೈ ಗಣಕ. ಓಲಿಸಿದರೆ ಪ್ರತಿಕ್ರಿಯಿಸುವ ಚಲನ ಸಂವೇದಕ ಅದರಲ್ಲಿತ್ತು. ಅದರ ಬ್ಯಾಟರಿಗಳೆಲ್ಲ ಸತ್ತ ಮೇಲೆ, ಅದು ಹೇಗೆ ಕೆಲಸ ಮಾಡುತ್ತಿತ್ತೆಂದು ಮುಂದಿನ ವಿದ್ಯಾರ್ಥಿಗೆ ನಡೆಸಿ ತೋರಿಸಬೇಕಾದರೆ ಎಮ್ಯುಲೇಷನ್ ಬಿಟ್ಟು ಬೇರೆ ದಾರಿಯಿಲ್ಲ.

ಸಾವಿರಾರು ಗೇಮ್‌ಗಳ ಆಮಿಷ

ಸಂರಕ್ಷಣೆಯ ಹೆಸರಿನಲ್ಲಿ ಕಳವು ನುಸುಳಬಾರದು. ಸಾವಿರಾರು ಗೇಮ್ ತುಂಬಿದ ಮೆಮೊರಿ ಕಾರ್ಡನ್ನು ಕೊಡುವ ಮಾರಾಟಗಾರರಿಗೆ ಅವುಗಳ ಹಕ್ಕು ಇರುವುದು ಅಪರೂಪ. ಕಾರ್ಡೂ ಅನೇಕ ವೇಳೆ ಕಳಪೆಯದು. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಪ್ರಕರಣ, ಕ್ರಮವಿಧಿಯ ಪ್ರತಿಯನ್ನು ನ್ಯಾಯವಾಗಿ ಹೊಂದಿದವರು ಅದು ನಷ್ಟವಾದೀತೆಂದು ಕಾಪಿನ ಪ್ರತಿ ಮಾಡಿಕೊಳ್ಳಲು ಅವಕಾಶ ಕೊಡುತ್ತದೆ. ಇತರರ ಗೇಮ್‌ಗಳನ್ನು ಹಂಚಲು ಕೊಡುವುದಿಲ್ಲ. ಶಿಕ್ಷಕರಾದವರು ಮಕ್ಕಳ ಕೈಗೆ ಯಂತ್ರದ ಜೊತೆಗೆ ಈ ವಿವೇಚನೆಯನ್ನೂ ಕೊಡಬೇಕು.

ನ್ಯಾಯವಾದ ದಾರಿಗಳು ಬೇಕಾದಷ್ಟಿವೆ. ರಚನೆಕಾರರೇ ಉಚಿತವಾಗಿ ಕೊಟ್ಟ ಗೇಮ್‌ಗಳಿವೆ. 2019ರಲ್ಲಿ ಬಂದ ಜಿಬಿ ಸ್ಟುಡಿಯೋ ಎಂಬ ಉಚಿತ ತಂತ್ರಾಂಶದಿಂದ ಮಕ್ಕಳೇ ಗೇಮ್ ಬಾಯ್ ಗೇಮ್ ರಚಿಸಬಹುದು. ಅಲ್ಲೊಂದು ಒಳ್ಳೆಯ ಸಮಸ್ಯೆಯೂ ಕಾದಿದೆ. ಗೇಮ್ ಬಾಯ್ ತೆರೆ 8×8 ಪಿಕ್ಸೆಲ್‌ಗಳ 360 ಬಿಲ್ಲೆಗಳಿಂದಾಗಿದೆ. ಇಂಗ್ಲಿಷ್ ಅಕ್ಷರ ಒಂದು ಬಿಲ್ಲೆಯಲ್ಲಿ ಕೂರುತ್ತದೆ. ನಮ್ಮ ‘ಸ್ತ್ರೀ’ ಕೂರುವುದೇ? ನಾಲ್ಕು ಬಿಲ್ಲೆ ಕೊಟ್ಟರೆ ಇಡೀ ತೆರೆಗೆ 90 ಅಕ್ಷರ ಮಾತ್ರ. ಇಷ್ಟರಲ್ಲಿ ಚೌಕಾಬಾರದ ನಿಯಮಗಳನ್ನು ಕನ್ನಡದಲ್ಲಿ ಹೇಳಲು ಹೊರಟ ವಿದ್ಯಾರ್ಥಿ ಗಣಕದ ಬಗ್ಗೆ ಕಲಿಯುವುದು ಕಡಿಮೆಯಲ್ಲ.

ಹಾಗಾದರೆ ಯಾವುದು?

ಮೊದಲು ಏನನ್ನೂ ಕೊಳ್ಳಬೇಡಿ. ಶಾಲೆಯ ಹಳೆಯ ಗಣಕದಲ್ಲೇ ಉಚಿತ ಎಮ್ಯುಲೇಟರ್ ಹಾಕಿ, ಮಕ್ಕಳ ಆಸಕ್ತಿ ಯಾವ ಕಾಲದ ಗೇಮ್‌ಗಳಲ್ಲಿದೆ ಎಂದು ತಿಳಿಯಿರಿ. ಕೊಳ್ಳಲೇಬೇಕಾದರೆ 640×480 ತೆರೆಯ ಅಗ್ಗದ ಯಂತ್ರ ಹೆಚ್ಚಿನವರಿಗೆ ಸಾಕು. ಅದರೊಂದಿಗೆ ಒಳ್ಳೆಯ ಕಾರ್ಡನ್ನು ಬೇರೆಯಾಗಿಯೇ ಕೊಳ್ಳಿ. ಗೇಮ್ ಬಾಯ್ ಅಡ್ವಾನ್ಸ್ ಒಂದೇ ನಿಮ್ಮ ಒಲವಾದರೆ 720×480. ಪಾಕೆಟ್ ಸೊಗಸಾದ ಯಂತ್ರವೇ, ಆದರೆ ಮೂಲ ಕಾರ್ಟ್ರಿಜ್‌ಗಳಿಲ್ಲದ ನಮ್ಮ ಶಾಲೆಗಳಿಗೆ ಆ ಬೆಲೆ ಹೊರೆ. ಯಾವುದನ್ನೇ ಆರಿಸಿ, ಹಣ ಕೊಡುವ ಮುನ್ನ ಹಳೆಯ ತೆರೆಯ ಅಳತೆಯಿಂದ ಹೊಸ ತೆರೆಯ ಅಳತೆಯನ್ನು ಒಮ್ಮೆ ಭಾಗಿಸಿ ನೋಡಿ. ಅಂಗಡಿಯವರ ಮಾತಿಗಿಂತ ಆ ಭಾಗಲಬ್ಧ ಹೆಚ್ಚು ನಂಬಲರ್ಹ.