ಪದವಿಯ ಆಚೆಗಿನ ಓದು: ಕಿಟೆಲ್ ಕೋಶವನ್ನು ಕುರಿತು



ಪದವಿ ಕೈಗೆ ಬಂದ ದಿನವೇ ಪುಸ್ತಕಗಳನ್ನು ಅಟ್ಟಕ್ಕೇರಿಸುವ ರೂಢಿ ನಮ್ಮ ಮನೆಗಳಲ್ಲಿದೆ. ಧರ್ಮೋಪದೇಶದ ಪುಸ್ತಕವಂತೂ ದೃಢೀಕರಣದ ಮರುವಾರವೇ ಅಲ್ಲಿಗೆ ಸೇರಿರುತ್ತದೆ. ಈ ರೂಢಿಗೆ ಎದುರಾಗಿ ನಿಲ್ಲಿಸಬಹುದಾದ ಗ್ರಂಥವೊಂದಿದೆ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ 1894ರಲ್ಲಿ ಹೊರಬಂದ ಫರ್ಡಿನಾಂಡ್ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು ಅದು. ಇದನ್ನು ಹೊಗಳದವರಿಲ್ಲ, ಬಿಡಿಸಿ ಓದಿದವರು ಮಾತ್ರ ವಿರಳ. ನಾನಂತೂ ಇದನ್ನು ಒಬ್ಬ ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕವೆಂದೇ ಓದುತ್ತೇನೆ.

ಬಾಸೆಲ್‌ನ ಮಿಷನ್ ವಿದ್ಯಾಲಯದಲ್ಲಿ ಓದು ಮುಗಿಸಿ 1853ರಲ್ಲಿ ಮಂಗಳೂರಿಗೆ ಬಂದಾಗ ಕಿಟೆಲ್ಲರ ವಯಸ್ಸು 21. ಸುಮಾರು 70,000 ಪದಗಳ ಈ ಕೋಶದ ಹಿಂದಿರುವ ಕಲಿಕೆಯೆಲ್ಲ ಆಮೇಲಿನದು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನೂ ಅವರು ಸಂಪಾದಿಸಿದ್ದು ಈ ಕಲಿಕೆಯ ನಡುವೆಯೇ. ಐವತ್ತು ದಾಟಿದ ಮೇಲೆ, ಜರ್ಮನಿಗೆ ಮರಳಿದ್ದವರು ಮತ್ತೆ ಕನ್ನಡನಾಡಿಗೆ ಬಂದರು. ಪದಗಳ ಅರ್ಥವನ್ನು ಅವನ್ನು ಆಡುವವರ ಬಾಯಿಂದಲೇ ಖಚಿತಪಡಿಸಿಕೊಳ್ಳಬೇಕಿತ್ತು.

ಯಾವುದಾದರೂ ಪುಟವನ್ನು ತೆರೆಯಿರಿ. ಕವಿಯ ಪ್ರಯೋಗದ ಪಕ್ಕದಲ್ಲೇ ಹಳ್ಳಿಯ ಗಾದೆ. ಪದದ ಬಳಕೆ ಮೈಸೂರಿನದೋ ಧಾರವಾಡ ಸೀಮೆಯದೋ ಎಂಬ ಸೂಚನೆ. ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಬಂಧುಪದಗಳು. ಗಾದೆಗೂ ಕಾವ್ಯಕ್ಕೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ ಈ ಔದಾರ್ಯವೇ ಕೃತಿಯ ಜೀವಾಳ. ಪಂಡಿತನನ್ನು ಕೇಳಿ ತೃಪ್ತನಾದವನು ಇಂಥ ಕೋಶವನ್ನು ಬರೆಯಲಾರ. ಸಂತೆಯಲ್ಲಿ ಮಾತನಾಡುವವರನ್ನೂ ಗುರುವೆಂದು ಒಪ್ಪಿಕೊಂಡಿರಬೇಕು. ಓದು ಬಲ್ಲವರಿಗೆ ಇದು ಸುಲಭವಲ್ಲ.

ದೋಷಗಳಿಲ್ಲವೆಂದಲ್ಲ. ಸಂಸ್ಕೃತದ ನೂರಾರು ಪದಗಳಿಗೆ ದ್ರಾವಿಡ ಮೂಲವನ್ನು ಕಾಣುವ ಉತ್ಸಾಹ ಕೆಲವೆಡೆ ಅತಿಯಾಗಿದೆ; ಮುಂದಿನ ವಿದ್ವಾಂಸರು ಕೆಲವನ್ನು ಒಪ್ಪಿದರು, ಕೆಲವನ್ನು ಕೈಬಿಟ್ಟರು. ‘ಕವಿರಾಜಮಾರ್ಗ’ ಅಚ್ಚಾದದ್ದು 1898ರಲ್ಲಿ. ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದು 1936ರಲ್ಲಿ. ಆ ಕೊರತೆಯನ್ನು ಕಿಟೆಲ್ಲರ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ. ನನ್ನ ನಿಜವಾದ ಆಕ್ಷೇಪ ಬೇರೆ: ಅರ್ಥವೆಲ್ಲ ಇಂಗ್ಲಿಷಿನಲ್ಲಿದೆ. ಕನ್ನಡಿಗನು ತನ್ನದೇ ಮಾತಿನ ಅರ್ಥ ತಿಳಿಯಲು ಇಂಗ್ಲಿಷಿನ ಹೊಸ್ತಿಲು ದಾಟಬೇಕು. ಇದರಿಂದಾಗಿ ನಮ್ಮ ಎಷ್ಟೋ ಕುಟುಂಬಗಳಿಗೆ ಈ ಭಂಡಾರದ ಬಾಗಿಲು ಅರ್ಧವೇ ತೆರೆದಿದೆ.

ಪದವಿಯ ಮಾತೆತ್ತಿದ್ದರಿಂದ ಇನ್ನೊಂದನ್ನು ಹೇಳಬೇಕು. ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಕಿಟೆಲ್ಲರಿಗೆ ಗೌರವ ಡಾಕ್ಟರೇಟ್ ನೀಡಿದ್ದು 1896ರಲ್ಲಿ. ಆಗಲೂ ಅವರು ಪುಸ್ತಕ ಮುಚ್ಚಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಅವರ ವ್ಯಾಕರಣ 1903ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಕೋಶವನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದರು. ಮದ್ರಾಸ್ ವಿಶ್ವವಿದ್ಯಾಲಯ ಅದನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ನಿಮ್ಮ ಧರ್ಮಕೇಂದ್ರದ ವಾಚನಾಲಯಕ್ಕೆ ದೊರೆತರೆ ಬಿಡಬೇಡಿ. ಗಾದೆಗಳಿಂದ ಆರಂಭಿಸಿ. ಅವು ಕನ್ನಡ ಲಿಪಿಯಲ್ಲೇ ಇವೆ. ಇಂಗ್ಲಿಷ್ ಬಾರದ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅರ್ಥವನ್ನು ಅವರೇ ಹೇಳಿಯಾರು, ಕೋಶದಲ್ಲಿಲ್ಲದ ಒಂದೆರಡನ್ನೂ ಸೇರಿಸಿಯಾರು.