ವಲಸಿಗ ಎಂದರೆ ಯಾರು?

2018ರ ಜುಲೈನಲ್ಲಿ ಮೆಸುಟ್ ಓಜಿಲ್ ಜರ್ಮನಿಯ ಫುಟ್‌ಬಾಲ್ ತಂಡಕ್ಕೆ ವಿದಾಯ ಹೇಳಿ ಬರೆದ ಪತ್ರವನ್ನು ಬಹುಪಾಲು ಮಂದಿ ಕ್ರೀಡಾಸುದ್ದಿಯಾಗಿ ಓದಿದರು. ಅದನ್ನು ಒಂದು ಪಠ್ಯವಾಗಿ ಓದಿದರೆ, ನಡುವೆ ಬರುವ ಒಂದು ಪ್ರಶ್ನೆ ನಮ್ಮನ್ನು ತಡೆದು ನಿಲ್ಲಿಸುತ್ತದೆ: ಗೆಳೆಯರಾದ ಕ್ಲೋಸೆ, ಪೊಡೊಲ್‌ಸ್ಕಿಯರನ್ನು ಯಾರೂ ಜರ್ಮನ್-ಪೋಲಿಶ್ ಎಂದು ಕರೆಯುವುದಿಲ್ಲ, ನಾನು ಮಾತ್ರ ಜರ್ಮನ್-ಟರ್ಕಿಶ್ ಆದದ್ದು ಹೇಗೆ?

ಉತ್ತರ ಹುಡುಕಲು ಮಿರೊಸ್ಲಾವ್ ಕ್ಲೋಸೆಯ ಬದುಕನ್ನು ನೋಡಬೇಕು. ಆತ ಹುಟ್ಟಿದ್ದು 1978ರಲ್ಲಿ, ಪೋಲೆಂಡಿನ ಒಪೋಲೆಯಲ್ಲಿ. ಬಾಲ್ಯದಲ್ಲಿ ಜರ್ಮನಿಗೆ ಬಂದಾಗ ಅಲ್ಲಿನ ಭಾಷೆ ಬರುತ್ತಿರಲಿಲ್ಲ. ಬಡಗಿ ಕೆಲಸ ಕಲಿತ, ಕೆಳಹಂತದ ಲೀಗುಗಳಲ್ಲಿ ಆಡುತ್ತ ಮೇಲೆ ಬಂದ. 2002ರ ವಿಶ್ವಕಪ್‌ನಲ್ಲಿ ಐದು ಗೋಲು ಹೊಡೆದ, ಐದೂ ತಲೆಯಿಂದಲೇ. 2014ರಲ್ಲಿ ಬ್ರೆಜಿಲ್ ನೆಲದಲ್ಲೇ ಬ್ರೆಜಿಲ್ ತಂಡವನ್ನು 7-1ರಿಂದ ಸೋಲಿಸಿದ ದಿನ ತನ್ನ 16ನೇ ವಿಶ್ವಕಪ್ ಗೋಲು ಹೊಡೆದು ರೊನಾಲ್ಡೊನ ದಾಖಲೆ ಮುರಿದ. ಜರ್ಮನಿಗಾಗಿ 137 ಪಂದ್ಯ, 71 ಗೋಲು. ದುಡಿಮೆಯಿಂದ ಗೆದ್ದ ವಲಸಿಗನ ಕತೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಆದರೆ ಈ ಕತೆ ಒಂದು ಸಂಗತಿಯನ್ನು ಮರೆಮಾಡುತ್ತದೆ. ಕ್ಲೋಸೆಯ ಕುಟುಂಬಕ್ಕೆ ಜರ್ಮನ್ ಮೂಲವಿತ್ತು. ಜರ್ಮನ್ ಕಾನೂನಿನ ಕಣ್ಣಿಗೆ ಅವರು ಪರಕೀಯರಲ್ಲ, ಮನೆಗೆ ಮರಳಿದವರು. ಓಜಿಲ್ ಹುಟ್ಟಿದ್ದು 1988ರಲ್ಲಿ, ಜರ್ಮನಿಯದೇ ಗಣಿಪಟ್ಟಣವಾದ ಗೆಲ್ಸೆನ್‌ಕಿರ್ಷೆನ್‌ನಲ್ಲಿ. ಟರ್ಕಿಯಿಂದ ಬಂದ ಕುಟುಂಬದ ಮೂರನೇ ತಲೆಮಾರಿನವನು. ಆದರೂ ಪೌರತ್ವವನ್ನು ರಕ್ತಸಂಬಂಧದಿಂದ ಅಳೆಯುತ್ತಿದ್ದ ಕಾನೂನು ಆಗ ಹುಟ್ಟೂರನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದು ಬದಲಾದದ್ದು 2000ದಲ್ಲಿ. ಗಡಿ ದಾಟಿ ಬಂದವನು ಕ್ಲೋಸೆ; ವಲಸಿಗನೆಂಬ ಪದ ಅಂಟಿದ್ದು ಅಲ್ಲೇ ಹುಟ್ಟಿದವನಿಗೆ. 2014ರ ಫೈನಲ್‌ನಲ್ಲಿ ಇಬ್ಬರೂ ಜೊತೆಯಾಗಿ ಆಡಿ ಕಪ್ ಗೆದ್ದರೂ ಈ ವ್ಯತ್ಯಾಸ ಅಳಿಯಲಿಲ್ಲ.

ಓಜಿಲ್‌ನ ಪತ್ರ ಎಲ್ಲ ಕಡೆಯೂ ಗಟ್ಟಿಯಾಗಿಲ್ಲ. ಚುನಾವಣೆಯ ಹೊಸ್ತಿಲಲ್ಲಿದ್ದ ಟರ್ಕಿ ಅಧ್ಯಕ್ಷ ಎರ್ಡೊಗನ್ ಜೊತೆ ತೆಗೆಸಿಕೊಂಡ ಫೋಟೋದಲ್ಲಿ ರಾಜಕೀಯವಿಲ್ಲ, ತನ್ನ ಹಿರಿಯರ ನಾಡಿಗೆ ಸಲ್ಲಿಸಿದ ಗೌರವವಷ್ಟೇ ಎಂಬ ಸಮರ್ಥನೆಯನ್ನು ಒಪ್ಪುವುದು ಕಷ್ಟ. ಆ ಫೋಟೋವನ್ನು ಟೀಕಿಸುವ ಹಕ್ಕು ಎಲ್ಲರಿಗೂ ಇತ್ತು. ಆದರೆ ಟೀಕೆ ಅಲ್ಲಿಗೆ ನಿಲ್ಲಲಿಲ್ಲ. ಜರ್ಮನಿ ಆ ವರ್ಷ ಮೊದಲ ಸುತ್ತಿನಲ್ಲೇ ಹೊರಬಿದ್ದಾಗ, ಅವನು ಜರ್ಮನ್ನನೇ ಎಂಬ ಪ್ರಶ್ನೆ ಮುನ್ನೆಲೆಗೆ ಬಂತು. ತಪ್ಪು ಮಾಡಿದರೂ ಪೌರನಾಗಿಯೇ ಉಳಿಯುವ ಅವಕಾಶ ಅವನಿಗೆ ಸಿಗಲಿಲ್ಲ.

ಪತ್ರದ ಭಾಷೆಯನ್ನೂ ಗಮನಿಸಬೇಕು. ಅದು ಜರ್ಮನ್‌ನಲ್ಲಿಲ್ಲ, ಟರ್ಕಿಶ್‌ನಲ್ಲೂ ಇಲ್ಲ, ಇಂಗ್ಲಿಷ್‌ನಲ್ಲಿದೆ. ಆಗ ಲಂಡನ್ನಿನಲ್ಲಿ ಆಡುತ್ತಿದ್ದವನಿಗೆ ಅದು ಅನುಕೂಲದ ಆಯ್ಕೆಯೂ ಇರಬಹುದು. ಆದರೆ ಓದುಗನಿಗೆ ಅದು ಬೇರೆಯದನ್ನೂ ಹೇಳುತ್ತದೆ: ತನ್ನ ನಾಡನ್ನು ಪ್ರಶ್ನಿಸಲು ಅವನು ಮೂರನೆಯವರ ಭಾಷೆಯಲ್ಲಿ ಮಾತಾಡಬೇಕಾಯಿತು.