ಗಾದೆ ಏನನ್ನು ಪ್ರತಿಪಾದಿಸುತ್ತದೆ? ‘ಅಂತೆ’ಯ ಎರಡು ಬಗೆಗಳ ಕುರಿತು

ಶಾಲಾ ಪರೀಕ್ಷೆಯ ಗಾದೆ ವಿಸ್ತರಣೆ ಸಾಮಾನ್ಯವಾಗಿ ‘ವೇದ ಸುಳ್ಳಾದರೂ ಗಾದೆ ಸುಳ್ಳಾಗದು’ ಎಂಬ ಮಾತಿನಿಂದ ಆರಂಭವಾಗುತ್ತದೆ. ಗಾದೆಗಳನ್ನು ಜನಪದ ವಿವೇಕದ ಭಂಡಾರವೆಂದು ಕರೆಯುವ ನಮ್ಮ ವಿದ್ವತ್ ಬರವಣಿಗೆಯೂ ಅದರಿಂದ ಬಹುದೂರ ಸರಿದಿಲ್ಲ. ಆದರೆ ಸುಳ್ಳಾಗದಿರಬೇಕಾದರೂ ಮೊದಲು ಒಂದು ಪ್ರತಿಪಾದನೆ ಇರಬೇಕಷ್ಟೆ. ಗಾದೆಯಲ್ಲಿ ಅದು ಎಲ್ಲಿದೆ ಎಂಬುದು ನಮ್ಮ ಪ್ರಶ್ನೆ.

‘ಕೈ ಕೆಸರಾದರೆ ಬಾಯಿ ಮೊಸರು’ ಎಂಬಲ್ಲಿ ಪ್ರತಿಪಾದನೆಯಿದೆ. ದುಡಿದೂ ಉಣ್ಣಲಾಗದವರನ್ನು ತೋರಿಸಿ ಅದನ್ನು ಅಲ್ಲಗಳೆಯಬಹುದು. ‘ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ’ ಎಂಬುದಾದರೋ ಪೂರ್ಣ ವಾಕ್ಯವೇ ಅಲ್ಲ. ಅದು ಕೃದಂತಕ್ಕೆ ‘ಅಂತೆ’ ಸೇರಿ ಆದ ಉಪವಾಕ್ಯ. ಅದಕ್ಕೆ ಬೇಕಾದ ಪ್ರಧಾನ ವಾಕ್ಯವನ್ನು ಒದಗಿಸುವುದು ಆಡುವ ಸಂದರ್ಭ. ಕೋಣ ಯಾರು, ಕಿನ್ನರಿ ಯಾವುದು ಎಂದು ತಿಳಿಯುವವರೆಗೆ ಅದು ನಿಜವೂ ಅಲ್ಲ, ಸುಳ್ಳೂ ಅಲ್ಲ. (ವೇದಕ್ಕಿಲ್ಲದ ಅನುಕೂಲವಿದು.)

‘ಕುಣಿಯಲಾರದ ಸೂಳೆ ನೆಲ ಡೊಂಕು ಎಂದಳಂತೆ’ ಎಂಬಲ್ಲಿಯ ‘ಅಂತೆ’ ಬೇರೆಯದು. ಅದು ಲಿಂಗವಚನಗಳುಳ್ಳ ಪೂರ್ಣಕ್ರಿಯಾಪದಕ್ಕೆ ಹತ್ತುತ್ತದೆ. ಆಡುಮಾತಿನಲ್ಲಿ ‘ಬಾರಿಸಿದಂತೆ’ ಎಂಬುದನ್ನು ‘ಬಾರಿಸಿದ ಹಾಗೆ’ ಎನ್ನಬಹುದು. ‘ಎಂದಳಂತೆ’ ಎಂಬುದನ್ನು ‘ಎಂದಳು ಹಾಗೆ’ ಎನ್ನಲಾಗದು. ಮೊದಲನೆಯದು ಹೋಲಿಕೆಯ ‘ಅಂತೆ’, ಎರಡನೆಯದು ಕೇಳಿದ್ದನ್ನು ಹೇಳುವ ‘ಅಂತೆ’. ಆಡುವವರು ಮಾತಿನ ಹೊಣೆಯನ್ನು ಹೆಸರಿಲ್ಲದ ಹಿಂದಿನವರ ಮೇಲೆ ಹೊರಿಸಿ ಎದುರಿನವರನ್ನು ಚುಚ್ಚುತ್ತಾರೆ. ‘ನಾನೆಲ್ಲಿ ನಿನಗೆ ಅಂದೆ, ಗಾದೆ ಹೇಳಿದೆನಷ್ಟೆ’ ಎಂದು ಅತ್ತೆ ಸೊಸೆಯೆದುರು ಜಾರಿಕೊಳ್ಳುವ ದಾರಿ ವ್ಯಾಕರಣದಲ್ಲಿಯೇ ಇದೆ. ವಿವೇಕವೆಂಬ ಒಂದೇ ಹೆಸರಿನಡಿ ಈ ಜಾಣತನ ಕಾಣದೆ ಹೋಗುತ್ತದೆ.

ಗಾದೆಯನ್ನು ಯಾರು, ಯಾರಿಗೆ, ಯಾವಾಗ ಆಡಿದರೆಂಬುದನ್ನು ದಾಖಲಿಸಬೇಕೆಂದು ಅರೇವಾ ಮತ್ತು ಡಂಡಸ್ ಯೊರುಬಾ ಗಾದೆಗಳ ನೆಲೆಯಲ್ಲಿ 1964ರಲ್ಲಿಯೇ ವಾದಿಸಿದ್ದರು. ನಮ್ಮ ಸಂಕಲನಗಳು ಇಂದಿಗೂ ಬಹುಮಟ್ಟಿಗೆ ಅಕಾರಾದಿಯವೇ. 1894ರ ನಿಘಂಟಿನಲ್ಲಿ ಕಿಟ್ಟೆಲ್ ಗಾದೆಗಳನ್ನು ಪದಗಳಡಿ ಕೊಟ್ಟದ್ದು ಪದಪ್ರಯೋಗ ತೋರಿಸಲು. ನಿಘಂಟಿಗೆ ಅದು ಸಲ್ಲುತ್ತದೆ. ಗಾದೆಯನ್ನೇ ವಿಷಯವಾಗಿಸಿಕೊಂಡ ಸಂಕಲನಕ್ಕೆ ಆ ಸಮರ್ಥನೆ ದೊರೆಯದು.

ಈ ನಿರ್ಲಕ್ಷ್ಯದ ಫಲವನ್ನು ತಿದ್ದಿದ ಗಾದೆಗಳಲ್ಲಿ ನೋಡಬಹುದು. ಮೇಲಿನ ಗಾದೆ ಈಗ ‘ಕುಣಿಯಲಾರದವಳು ನೆಲ ಡೊಂಕು ಎಂದಳಂತೆ’ ಎಂದು ಪ್ರಚಲಿತವಾಗಿದೆ. ಉದ್ದೇಶ ಒಳ್ಳೆಯದೇ. ಆದರೆ ಬೈಗುಳ ಹೋಯಿತು, ಲಿಂಗಾನ್ವಯ ಉಳಿಯಿತು. ಒಂದು ವೃತ್ತಿಯವರ ಮೇಲಿದ್ದ ಅಪಹಾಸ್ಯ ಹೆಂಗಸರಿಗೆಲ್ಲ ಹಂಚಿಹೋಯಿತು. ಕುಣಿಯುತ್ತಿದ್ದವರು ಯಾರು, ನೋಡಿ ನಗುತ್ತಿದ್ದವರು ಯಾರು ಎಂಬ ಕುರುಹು ಮಾತ್ರ ಅಳಿಯಿತು. ‘ತನ್ನ ದೋಷಕ್ಕೆ ಅನ್ಯರನ್ನು ದೂರಬಾರದು’ ಎಂಬ ನೀತಿಯನ್ನು ವಿಸ್ತರಣೆ ಬರೆಯುವವರು ಹೊರಗಿನಿಂದ ಸೇರಿಸುತ್ತಾರೆ. ‘ಬಾರದು’ ಎಂಬ ವಿಧಿರೂಪ ಗಾದೆಯಲ್ಲೆಲ್ಲೂ ಇಲ್ಲ.

ನಾವೂ ತರಗತಿಯಲ್ಲಿ ಕೆಲಕಾಲ ತಿದ್ದಿದ ರೂಪವನ್ನೇ ಹಲಗೆಯ ಮೇಲೆ ಬರೆದಿದ್ದೇವೆ. ಈಗ ಎರಡನ್ನೂ ಬರೆದು, ‘ಅಂತೆ’ ಎಂದವರು ಯಾರು ಎಂದು ಕೇಳುತ್ತೇವೆ.